ಮರಳುಗಾಡಿನ ರ‍್ಯಾಲಿ: ನಕ್ಷೆಯ ಚುಕ್ಕಿ ಹೇಳುವುದೇನು, ಹೇಳದಿರುವುದೇನು?

ಹುಣಸೂರು: ಜನವರಿ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ ಹಾಗೂ ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ತಂಬಾಕು ಹರಾಜಿನ ಮಾತು, ಕೆ.ಆರ್. ನಗರದ ನಾಲಾ ಬಯಲಿನಲ್ಲಿ ಭತ್ತದ ಒಕ್ಕಣೆ, ಜತೆಗೆ ಸಂಕ್ರಾಂತಿಯ ಸಿದ್ಧತೆ. ಅದೇ ಎರಡು ವಾರಗಳಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಡಕಾರ್ ರ‍್ಯಾಲಿ ನಡೆಯುತ್ತದೆ. ಜಗತ್ತಿನ ಅತ್ಯಂತ ಕಠಿಣ ಮೋಟಾರು ಸ್ಪರ್ಧೆಗಳಲ್ಲಿ ಒಂದೆಂದು ಹೆಸರಾದ ಇದರಲ್ಲಿ 2015ರಿಂದೀಚೆಗೆ ಕನ್ನಡಿಗ ಸವಾರರೂ ಪಾಲ್ಗೊಂಡಿದ್ದಾರೆ. ಹೀಗಾಗಿ ಅಂಗೈಯಗಲದ ಮೊಬೈಲ್ ಪರದೆಯಲ್ಲಿ ಈ ಸ್ಪರ್ಧೆಯನ್ನು ಹಿಂಬಾಲಿಸುವವರು ನಮ್ಮಲ್ಲೂ ಇದ್ದಾರೆ.

ಪರದೆಯ ಮೇಲೆ ಕಾಣುವುದು ಒಂದು ನಕ್ಷೆ ಮತ್ತು ಅದರ ಮೇಲೆ ಚಲಿಸುವ ಚುಕ್ಕಿಗಳು. ಚುಕ್ಕಿ ಚಲಿಸುತ್ತಿದ್ದರೆ ಸಂತೋಷ, ನಿಂತರೆ ಆತಂಕ. ಆದರೆ ಆ ಚುಕ್ಕಿ ಅಲ್ಲಿಗೆ ಬರುವುದು ಹೇಗೆ? ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ನಮ್ಮ ತಾಲ್ಲೂಕುಗಳ ಕಚ್ಚಾ ದಾರಿಗಳಲ್ಲಿ ಬೈಕ್ ಓಡಿಸುವ ಹವ್ಯಾಸಿಗಳಿಗೆ ಇದೇ ತಂತ್ರಜ್ಞಾನ ಲಭ್ಯವೇ? ಈ ಪ್ರಶ್ನೆಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಇಲ್ಲಿ ಸಂಗ್ರಹಿಸಿ ಕೊಡಲಾಗಿದೆ. ಆರಂಭದಲ್ಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಸವಾರ ಎಲ್ಲಿದ್ದಾನೆ ಎಂಬುದನ್ನು ಯಂತ್ರ ಹೇಳುತ್ತದೆ. ಹೇಗಿದ್ದಾನೆ ಎಂಬುದನ್ನು ತಿಳಿಯಲು ಇಂದಿಗೂ ಮನುಷ್ಯರೇ ಬೇಕು.

ದಾರಿ ತಪ್ಪಿದವನು ಕಟ್ಟಿದ ಸ್ಪರ್ಧೆ

1977ರಲ್ಲಿ ಅಬಿಜಾನ್–ನೀಸ್ ರ‍್ಯಾಲಿಯಲ್ಲಿ ಭಾಗವಹಿಸಿದ್ದ ಫ್ರೆಂಚ್ ಬೈಕ್ ಸವಾರ ಥಿಯೆರಿ ಸಬೀನ್ ಲಿಬಿಯಾದ ಮರುಭೂಮಿಯಲ್ಲಿ ದಾರಿ ತಪ್ಪಿದರು. ಬದುಕಿ ಬಂದ ಅವರಿಗೆ ಆ ಮರಳುಗಾಡಿನ ಮೋಹ ಬಿಡಲಿಲ್ಲ. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಸೆನೆಗಲ್‌ನ ರಾಜಧಾನಿ ಡಕಾರ್‌ನತ್ತ ಮೊದಲ ರ‍್ಯಾಲಿ ಹೊರಟಿತು. ಭಯೋತ್ಪಾದನೆಯ ಬೆದರಿಕೆಯಿಂದಾಗಿ 2008ರ ಸ್ಪರ್ಧೆ ರದ್ದಾಯಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದ ರ‍್ಯಾಲಿ 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಹೆಸರು ಮಾತ್ರ ಬದಲಾಗಿಲ್ಲ.

ಕಾರ್ಖಾನೆ ತಂಡಗಳ ವೃತ್ತಿಪರ ಸವಾರರು ಸುದ್ದಿಯಲ್ಲಿದ್ದರೂ ಸ್ಪರ್ಧಿಗಳಲ್ಲಿ ಬಹುಪಾಲು ಮಂದಿ ಹವ್ಯಾಸಿಗಳು. ತಮ್ಮ ಉಳಿತಾಯದ ಹಣ ಹಾಕಿ, ವರ್ಷಗಟ್ಟಲೆ ತಯಾರಿ ನಡೆಸಿ ಬರುವವರು. ಅವರಲ್ಲೂ ಅತಿ ಕಷ್ಟದ ವಿಭಾಗವೊಂದಿದೆ. ಇದರಲ್ಲಿ ಸವಾರನಿಗೆ ಮೆಕ್ಯಾನಿಕ್ ಇಲ್ಲ, ನೆರವಿನ ವಾಹನ ಇಲ್ಲ. ಬಿಡಿಭಾಗ, ಉಪಕರಣಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಇರಬೇಕು; ಹಗಲು ಓಡಿಸಿದ ಬೈಕನ್ನು ರಾತ್ರಿ ತಾನೇ ರಿಪೇರಿ ಮಾಡಬೇಕು. ‘ಮಾಲ್ ಮೋಟೊ’ ಎಂದು ಹೆಸರಾದ ಈ ವಿಭಾಗದ ಸವಾರನನ್ನು ಟಿ.ವಿ. ಹೆಲಿಕಾಪ್ಟರ್ ಹಿಂಬಾಲಿಸುವುದು ಅಪರೂಪ. ಆತನ ಇರವನ್ನು ಹೊರಜಗತ್ತಿಗೆ ತಿಳಿಸುವುದು ಬೈಕಿಗೆ ಕಟ್ಟಿದ ಸಾಧನವೊಂದೇ.

ಆರು ದಿನಗಳಿಂದ ಎಂಟು ನಿಮಿಷಕ್ಕೆ

1982ರ ಜನವರಿಯಲ್ಲಿ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಪುತ್ರ ಮಾರ್ಕ್ ಥ್ಯಾಚರ್ ಇದೇ ರ‍್ಯಾಲಿಯಲ್ಲಿ ಸಹಾರಾ ಮರುಭೂಮಿಯಲ್ಲಿ ನಾಪತ್ತೆಯಾದರು. ಅವರೊಂದಿಗೆ ಇನ್ನಿಬ್ಬರಿದ್ದರು. ಹಲವು ವಿಮಾನಗಳು ಹುಡುಕಿದ ನಂತರ, ಆರನೇ ದಿನ ಅಲ್ಜೀರಿಯಾದ ಸೇನಾ ವಿಮಾನ ಅವರನ್ನು ಪತ್ತೆಹಚ್ಚಿತು. ಅವರು ಮಾರ್ಗದಿಂದ ಸುಮಾರು 50 ಕಿ.ಮೀ. ಆಚೆ ಇದ್ದರು. ಪ್ರಧಾನಿಯ ಮಗನಿಗೇ ಈ ಗತಿಯಾದರೆ ಹೆಸರಿಲ್ಲದ ಹವ್ಯಾಸಿಯ ಪಾಡೇನು ಎಂಬ ಪ್ರಶ್ನೆ ಎದ್ದದ್ದು ಸಹಜ.

ಅದೇ ವರ್ಷ ಉಪಗ್ರಹ ಆಧಾರಿತ ಶೋಧ ವ್ಯವಸ್ಥೆ ‘ಕೊಸ್ಪಾಸ್–ಸರ್ಸಾಟ್’ನ ಮೊದಲ ಉಪಗ್ರಹ ಕಕ್ಷೆ ಸೇರಿತು. ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ಪತನಗೊಂಡ ಸಣ್ಣ ವಿಮಾನದಲ್ಲಿದ್ದ ಮೂವರನ್ನು ಅದರ ನೆರವಿನಿಂದ ಉಳಿಸಲಾಯಿತು. ಆಪತ್ತಿನಲ್ಲಿರುವವರ ಬೀಕನ್ ಹೊರಡಿಸುವ ರೇಡಿಯೊ ಸಂಕೇತವನ್ನು ಉಪಗ್ರಹ ಹಿಡಿದು ಭೂಕೇಂದ್ರಕ್ಕೆ ತಲುಪಿಸುವುದು ಈ ವ್ಯವಸ್ಥೆಯ ಕೆಲಸ. ಇದರ ಭಾರತೀಯ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಸ್ರೊದ ‘ಇಸ್ಟ್ರ್ಯಾಕ್’ ಸಂಸ್ಥೆಯ ಅಂಗವಾಗಿ.

1992ರಲ್ಲಿ ರ‍್ಯಾಲಿಗೆ ಜಿಪಿಎಸ್ ಬಂತು. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಜಿಪಿಎಸ್ ಉಪಕರಣ ತಾನಿರುವ ಸ್ಥಳವನ್ನು ಯಾರಿಗೂ ಹೇಳುವುದಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಉಪಗ್ರಹಗಳ ಸಂಕೇತವನ್ನು ಅದು ಕೇಳಿಸಿಕೊಳ್ಳುತ್ತದೆ ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಮಯವನ್ನು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಬೇರೆಯವರಿಗೆ ಕಳುಹಿಸಲು ಮೊಬೈಲ್ ಜಾಲ, ರೇಡಿಯೊ ಅಥವಾ ಸಂಪರ್ಕ ಉಪಗ್ರಹ ಬೇಕೇ ಬೇಕು. ‘ಜಿಪಿಎಸ್ ಇದೆ, ಹುಡುಕಿಬಿಡುತ್ತಾರೆ’ ಎಂದು ನಂಬಿ ಮೊಬೈಲ್ ಸಿಗ್ನಲ್ ಇಲ್ಲದ ಕಡೆಗೆ ಹೊರಡುವವರು ಈ ವ್ಯತ್ಯಾಸವನ್ನು ಅರಿಯಬೇಕು.

ವಾಹನದಲ್ಲಿ ಏನೇನಿರುತ್ತದೆ?

ಈಗ ಡಕಾರ್‌ನ ಪ್ರತಿ ಬೈಕಿನಲ್ಲೂ ಬೇರೆ ಬೇರೆ ಕೆಲಸದ ಸಾಧನಗಳಿರುತ್ತವೆ. ಮೊದಲನೆಯದು ರೋಡ್‌ಬುಕ್. ಎಷ್ಟನೇ ಕಿಲೋಮೀಟರಿನಲ್ಲಿ ಯಾವ ದಿಕ್ಕಿಗೆ ತಿರುಗಬೇಕು, ಎಲ್ಲಿ ಹಳ್ಳವಿದೆ, ಎಲ್ಲಿ ಅಪಾಯವಿದೆ ಎಂಬುದನ್ನು ಚಿತ್ರಸಂಕೇತಗಳಲ್ಲಿ ತಿಳಿಸುವ ಕೈಪಿಡಿ ಇದು. ಹಿಂದೆ ಕಾಗದದ ಸುರುಳಿಯಾಗಿದ್ದದ್ದು ಈಚಿನ ವರ್ಷಗಳಲ್ಲಿ ವಿದ್ಯುನ್ಮಾನ ಪರದೆಯಾಗುತ್ತಿದೆ.

ಎರಡನೆಯದು ಸಂಘಟಕರೇ ಒದಗಿಸುವ ಜಿಪಿಎಸ್. ಇದು ನಮ್ಮ ಮೊಬೈಲಿನಂತೆ ದಾರಿ ತೋರಿಸುವುದಿಲ್ಲ. ಮಾರ್ಗದ ಗುಪ್ತ ಬಿಂದುವಿನ ಸಮೀಪಕ್ಕೆ ಬಂದಾಗ ಮಾತ್ರ ಬಾಣದ ಗುರುತು ತೋರುತ್ತದೆ. ಸವಾರ ಪ್ರತಿ ಬಿಂದುವನ್ನೂ ಮುಟ್ಟಿದನೇ, ವೇಗಮಿತಿ ಮೀರಿದನೇ ಎಂಬುದನ್ನು ದಾಖಲಿಸುತ್ತದೆ. ದಂಡ ನಿರ್ಧಾರವಾಗುವುದು ಈ ದಾಖಲೆಯಿಂದಲೇ.

ಮೂರನೆಯದು ‘ಇರಿಟ್ರ್ಯಾಕ್’. ಇದು ಸಂಪರ್ಕ ಉಪಗ್ರಹದ ಮೂಲಕ ಸವಾರನ ಸ್ಥಾನವನ್ನು ನಿಯಂತ್ರಣ ಕೊಠಡಿಗೆ ತಿಳಿಸುತ್ತಿರುತ್ತದೆ. ಜೋರಾದ ಹೊಡೆತ ಬಿದ್ದರೆ ಅಥವಾ ಬೈಕ್ ಅನಿರೀಕ್ಷಿತವಾಗಿ ನಿಂತರೆ ಎಚ್ಚರಿಕೆ ಹೋಗುತ್ತದೆ. ಕೊಠಡಿಯಿಂದ ಸವಾರನೊಡನೆ ಮಾತನಾಡಬಹುದು. ಸವಾರ ಗುಂಡಿ ಒತ್ತಿ ನೆರವು ಕೋರಬಹುದು. ನಾಲ್ಕನೆಯದಾದ ‘ಸೆಂಟಿನಲ್’ ಒಂದು ವಾಹನದಿಂದ ಇನ್ನೊಂದು ವಾಹನಕ್ಕೆ ಸಂಕೇತ ಕಳುಹಿಸುತ್ತದೆ. ದೂಳಿನಲ್ಲಿ ಹಿಂದಿನಿಂದ ಬರುವ ಟ್ರಕ್ ಬೈಕ್ ಸವಾರನಿಗೆ ಕಾಣುವುದಿಲ್ಲ. ಆತನ ಕಿವಿಗೆ ಬೀಳುವ ಈ ಎಚ್ಚರಿಕೆಯ ಸದ್ದೇ ಜೀವ ಉಳಿಸಬಲ್ಲದು. ಇವುಗಳ ಜತೆಗೆ 2021ರಿಂದ ಬೈಕ್ ಸವಾರರಿಗೆ ಏರ್‌ಬ್ಯಾಗ್ ಇರುವ ಜಾಕೆಟ್ ಕಡ್ಡಾಯವಾಗಿದೆ.

ಮೂರು ಜನವರಿಗಳ ಪಾಠ

ಈ ಸಾಧನಗಳ ಶಕ್ತಿ ಮತ್ತು ಮಿತಿ ಎರಡನ್ನೂ ಮೂರು ಘಟನೆಗಳು ತೋರಿಸುತ್ತವೆ. ಮೂರೂ ಕಡೆ ಸ್ಪರ್ಧಾಕಣದಲ್ಲಿದ್ದವರು ಬೆಂಗಳೂರಿನ ಸಿ.ಎಸ್. ಸಂತೋಷ್.

2015ರಲ್ಲಿ ಸಂತೋಷ್ ಡಕಾರ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ಎನಿಸಿದರು. ಮೊದಲ ಯತ್ನದಲ್ಲೇ ರ‍್ಯಾಲಿಯನ್ನು ಪೂರ್ಣಗೊಳಿಸಿದರು. ಅದೇ ರ‍್ಯಾಲಿಯ ಮೂರನೇ ಹಂತದಲ್ಲಿ, ಜನವರಿ 6ರಂದು, ಪೋಲೆಂಡಿನ ಸವಾರ ಮಿಹಾಲ್ ಹೆರ್ನಿಕ್ ಅರ್ಜೆಂಟೀನಾದಲ್ಲಿ ಮೃತಪಟ್ಟರು. ಅವರ ದೇಹ ಸಿಕ್ಕಿದ್ದು ಮಾರ್ಗದಿಂದ ಕೇವಲ 300 ಮೀಟರ್ ದೂರದಲ್ಲಿ. ಅವರು ಆಪತ್ಕಾಲದ ಬೀಕನ್ ಚಾಲೂ ಮಾಡಿರಲಿಲ್ಲ. ಸಾಧನ ಕೈಯಲ್ಲಿದ್ದರೂ ಅದನ್ನು ಬಳಸುವ ಸ್ಥಿತಿಯಲ್ಲಿ ಮನುಷ್ಯ ಇರದೇ ಹೋಗಬಹುದು ಎಂಬುದು ಇದರ ಪಾಠ. ತೀವ್ರ ಬಿಸಿಲಿನಲ್ಲಿ ದೇಹ ಸೋಲುವ ಮೊದಲೇ ವಿವೇಚನೆ ಸೋಲುತ್ತದೆ.

2020ರ ಜನವರಿ 12ರಂದು ಏಳನೇ ಹಂತದಲ್ಲಿ, ಹೀರೊ ತಂಡದಲ್ಲಿ ಸಂತೋಷ್ ಅವರ ಸಹಸವಾರರಾಗಿದ್ದ ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವೆಸ್ 276ನೇ ಕಿ.ಮೀ. ಬಳಿ ಬಿದ್ದರು. ನಿಯಂತ್ರಣ ಕೊಠಡಿಗೆ ಸೂಚನೆ ಬಂದದ್ದು ಬೆಳಿಗ್ಗೆ 10.08ಕ್ಕೆ, ವೈದ್ಯರಿದ್ದ ಹೆಲಿಕಾಪ್ಟರ್ ತಲುಪಿದ್ದು 10.16ಕ್ಕೆ. ಹಿಂದಿನ ವರ್ಷದ ವಿಜೇತ, ಆಸ್ಟ್ರೇಲಿಯಾದ ಟೋಬಿ ಪ್ರೈಸ್ ತಮ್ಮ ಓಟ ನಿಲ್ಲಿಸಿ ನೆರವಿಗೆ ನಿಂತರು. ಆದರೂ ಗೊನ್ಸಾಲ್ವೆಸ್ ಉಳಿಯಲಿಲ್ಲ. 1982ರ ಆರು ದಿನ ಎಂಟು ನಿಮಿಷಕ್ಕೆ ಇಳಿದಿತ್ತು. ಅಷ್ಟಾದರೂ ಕೆಲವು ಗಾಯಗಳಿಗೆ ಎಂಟು ನಿಮಿಷವೂ ಹೆಚ್ಚೇ.

ಮರುವರ್ಷ, 2021ರ ಜನವರಿ 6ರಂದು, ವಾದಿ ಅದ್ ದವಾಸಿರ್‌ನಿಂದ ರಿಯಾದ್‌ವರೆಗಿನ ನಾಲ್ಕನೇ ಹಂತದಲ್ಲಿ ಸ್ವತಃ ಸಂತೋಷ್ ಅಪಘಾತಕ್ಕೀಡಾದರು. ತಲೆಗೆ ಪೆಟ್ಟಾಗಿತ್ತು, ಭುಜದ ಕೀಲು ತಪ್ಪಿತ್ತು. ಹೆಲಿಕಾಪ್ಟರಿನಲ್ಲಿ ರಿಯಾದ್‌ನ ಆಸ್ಪತ್ರೆಗೆ ಸಾಗಿಸಿ, ಔಷಧದ ಮೂಲಕ ಕೋಮಾ ಸ್ಥಿತಿಯಲ್ಲಿರಿಸಿ ಚಿಕಿತ್ಸೆ ನೀಡಲಾಯಿತು. ಚೇತರಿಸಿಕೊಂಡ ಅವರು ತಾಯ್ನಾಡಿಗೆ ಮರಳಿದರು. ಅದೇ ಎರಡು ಪಟ್ಟಣಗಳ ನಡುವಿನ ಮರಳುಗಾಡಿನಲ್ಲಿ ಹಿಂದಿನ ವರ್ಷ ಅವರ ಸಂಗಾತಿ ಪ್ರಾಣ ಬಿಟ್ಟಿದ್ದರು.

ಇತರ ಸವಾರರನ್ನೂ ಇಲ್ಲಿ ನೆನೆಯಬೇಕು. ಉಡುಪಿಯ ಕೆ.ಪಿ. ಅರವಿಂದ್ 2017 ಮತ್ತು 2018ರಲ್ಲಿ ಅರ್ಧಕ್ಕೆ ನಿವೃತ್ತರಾಗಿ, 2019ರಲ್ಲಿ ಪೆರುವಿನಲ್ಲಿ ನಡೆದ ಡಕಾರ್‌ನಲ್ಲಿ 37ನೆಯವರಾಗಿ ಗುರಿ ತಲುಪಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ವಿಭಾಗದಲ್ಲಿ ಎಫ್ಐಎಂ ಬಾಹಾ ವಿಶ್ವಕಪ್ ಗೆದ್ದರು. ನೆರೆಯ ಕೇರಳದ ಹರಿತ್ ನೋವಾ 2024ರ ಡಕಾರ್‌ನಲ್ಲಿ ರ‍್ಯಾಲಿ–2 ವರ್ಗದ ಪ್ರಶಸ್ತಿ ಪಡೆದರು.

ಚುಕ್ಕಿಯನ್ನು ಓದುವ ಬಗೆ

ಮನೆಯಲ್ಲಿ ಕುಳಿತು ಸ್ಪರ್ಧೆಯನ್ನು ಹಿಂಬಾಲಿಸುವವರು, ಅದರಲ್ಲೂ ಸವಾರನ ಮನೆಯವರು, ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಒಂದು, ಸಮಯ. ಸೌದಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 6ಕ್ಕೆ ಹೊರಟ ಸವಾರ ಇಲ್ಲಿಯ 8.30ಕ್ಕೆ ಹೊರಟಂತೆ. ಸಂಜೆ ಶಿಬಿರ ತಲುಪುವುದು ತಡವಾದರೆ ಇಲ್ಲಿ ರಾತ್ರಿಯಾಗಿರುತ್ತದೆ.

ಎರಡು, ಅಂತರ. ಹವ್ಯಾಸಿಗಳು ಬಳಸುವ ಸಣ್ಣ ಉಪಗ್ರಹ ಟ್ರ್ಯಾಕರ್‌ಗಳು ಪ್ರತಿ ಕ್ಷಣವೂ ಸ್ಥಾನ ತಿಳಿಸುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕಳುಹಿಸುವಂತೆ ಇಟ್ಟಿದ್ದರೆ, ಗಂಟೆಗೆ 60 ಕಿ.ಮೀ. ವೇಗದ ಬೈಕ್ ಎರಡು ಚುಕ್ಕಿಗಳ ನಡುವೆ 10 ಕಿ.ಮೀ. ಸಾಗಿರುತ್ತದೆ. ನಕ್ಷೆಯಲ್ಲಿ ಎಳೆದ ನೇರ ಗೆರೆ ಆತ ಹೋದ ದಾರಿಯಲ್ಲ. ಎರಡು ಬಿಂದುಗಳನ್ನು ಯಂತ್ರ ಜೋಡಿಸಿದ್ದು ಮಾತ್ರ.

ಮೂರು, ನಿಂತ ಚುಕ್ಕಿ. ಅದಕ್ಕೆ ಕಾರಣ ಪಂಕ್ಚರ್ ಆಗಿರಬಹುದು, ಇಂಧನ ತುಂಬಿಸುವ ವಿರಾಮವಾಗಿರಬಹುದು, ಬ್ಯಾಟರಿ ಮುಗಿದಿರಬಹುದು, ಸಾಧನ ಕಳಚಿ ಬಿದ್ದಿರಬಹುದು. ಸವಾರ ಗಾಯಗೊಂಡ ಮತ್ತೊಬ್ಬರ ಬಳಿ ನಿಂತಿರಬಹುದು. ಹೀಗೆ ಕಳೆದ ಸಮಯವನ್ನು ಡಕಾರ್ ಸಂಘಟಕರು ಹಿಂತಿರುಗಿಸುತ್ತಾರೆ. ಅಪಘಾತವೂ ಆಗಿರಬಹುದು. ಚುಕ್ಕಿಯೊಂದನ್ನೇ ನೋಡಿ ಯಾವುದೆಂದು ಹೇಳಲಾಗದು. ಕೊನೆಯ ಚೆಕ್‌ಪಾಯಿಂಟ್ ದಾಟಿದ ಸಮಯವನ್ನು ನೋಡಿ, ಮುಂದಿನ ಸಂಕೇತಕ್ಕೆ ಕಾದು, ಬಳಿಕ ತಂಡ ಅಥವಾ ಸಂಘಟಕರನ್ನು ಕೇಳುವುದೇ ಸರಿಯಾದ ಕ್ರಮ.

ನಾಲ್ಕು, ಸಂಪರ್ಕ ವ್ಯಕ್ತಿ. ಹೊರಡುವ ಮುನ್ನವೇ ಮನೆಯಲ್ಲಿ ಒಬ್ಬರನ್ನು ಗೊತ್ತುಮಾಡಬೇಕು. ಸಂಘಟಕರಿಗೆ ಕೊಟ್ಟ ತುರ್ತು ದೂರವಾಣಿ ಸಂಖ್ಯೆ ಅವರದಾಗಿರಬೇಕು. ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತನಾಡಬಲ್ಲವರಾಗಿರಬೇಕು. ಸವಾರನ ರಕ್ತದ ಗುಂಪು, ಒಗ್ಗದ ಔಷಧಗಳು, ಪಾಸ್‌ಪೋರ್ಟ್ ಮತ್ತು ವಿಮೆಯ ವಿವರ ಅವರ ಬಳಿ ಬರಹದಲ್ಲಿರಬೇಕು. ಗಾಯಗೊಂಡವರ ಚಿತ್ರ, ವದಂತಿಗಳನ್ನು ಮನೆಯವರಿಗೆ ವಿಷಯ ತಿಳಿಯುವ ಮೊದಲೇ ಹಂಚುವುದು ಕ್ರೌರ್ಯ ಎಂಬುದನ್ನು ಅಭಿಮಾನಿಗಳು ಮರೆಯಬಾರದು.

ಹವ್ಯಾಸಿಯ ದಾಖಲೆ

ತಾನು ಸಾಗಿದ ದಾರಿಯನ್ನು ದಾಖಲಿಸಲು ಹವ್ಯಾಸಿಗೆ ದುಬಾರಿ ಸಲಕರಣೆ ಬೇಕಿಲ್ಲ. ಜಿಪಿಎಸ್ ಅಥವಾ ಮೊಬೈಲ್ ಆ್ಯಪ್ ದಾಖಲಿಸುವ ಹಾದಿ ‘ಜಿಪಿಎಕ್ಸ್’ ಎಂಬ ಸರಳ ಕಡತವಾಗಿ ಸಂಗ್ರಹವಾಗುತ್ತದೆ. ಅದರಲ್ಲಿರುವುದು ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ಸಮಯ. ಸೆಕೆಂಡಿಗೊಂದು ಬಿಂದುವಿನಂತೆ ದಾಖಲಿಸಿದರೆ ಎಂಟು ಗಂಟೆಗೆ 28,800 ಬಿಂದುಗಳಾಗುತ್ತವೆ. ಹತ್ತು ಸೆಕೆಂಡಿಗೊಮ್ಮೆ ದಾಖಲಿಸಿದರೆ ಬ್ಯಾಟರಿ ಉಳಿಯುತ್ತದೆ. ಆದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ಬಿಂದುಗಳ ನಡುವೆ 220 ಮೀಟರಿಗೂ ಹೆಚ್ಚು ಅಂತರವಾಗಿ ದಾರಿಯ ತಿರುವುಗಳು ಕಳೆದುಹೋಗುತ್ತವೆ. ಮೊಬೈಲ್ ಸಿಗ್ನಲ್ ಇಲ್ಲದೆಯೂ ಈ ದಾಖಲಾತಿ ನಡೆಯುತ್ತದೆ, ಏಕೆಂದರೆ ಜಿಪಿಎಸ್‌ಗೆ ಆಕಾಶ ಕಂಡರೆ ಸಾಕು.

ಹೆಲ್ಮೆಟ್ ಕ್ಯಾಮೆರಾ, ಫೋನ್, ಜಿಪಿಎಸ್ ಮೂರರ ಗಡಿಯಾರಗಳೂ ಹೊಂದಿಕೆಯಾಗಿರಬೇಕು. ಇದಕ್ಕೊಂದು ಸುಲಭ ಉಪಾಯವಿದೆ. ಪ್ರತಿ ಬೆಳಿಗ್ಗೆ ಜಿಪಿಎಸ್ ಪರದೆಯ ಮೇಲಿನ ಸಮಯವನ್ನು ಕ್ಯಾಮೆರಾದಲ್ಲಿ ಒಮ್ಮೆ ಚಿತ್ರೀಕರಿಸಿದರೆ ವ್ಯತ್ಯಾಸವೆಷ್ಟೆಂದು ನಂತರ ತಿಳಿಯುತ್ತದೆ. ಆಗ ಯಾವ ದೃಶ್ಯ ಯಾವ ಜಾಗದ್ದು ಎಂದು ಹೊಂದಿಸಬಹುದು. ಪ್ರತಿ ರಾತ್ರಿ ಮೆಮೊರಿ ಕಾರ್ಡಿನ ಪ್ರತಿಯೊಂದನ್ನು ಮಾಡಿ ಬೇರೆ ಚೀಲದಲ್ಲಿಡಬೇಕು. ವಿರಾಮದಲ್ಲಿ ಅರ್ಧ ನಿಮಿಷ ಧ್ವನಿಮುದ್ರಣ ಮಾಡಿಕೊಂಡ ಮಾತು, ಅಂದರೆ ಕಿ.ಮೀ., ಇಂಧನ, ದೇಹಸ್ಥಿತಿಯ ವಿವರ, ಎಷ್ಟೋ ಸಲ ಗಂಟೆಗಟ್ಟಲೆ ವಿಡಿಯೊಗಿಂತ ಉಪಯುಕ್ತ. ಅಪಘಾತವಾದರೆ ವೈದ್ಯರಿಗೂ ವಿಮಾ ಸಂಸ್ಥೆಗೂ ಬೇಕಾಗುವುದು ಈ ವಿವರಗಳೇ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ದೂರದಿಂದ ಜೀವಿಯೊಂದನ್ನು ಹಿಂಬಾಲಿಸುವ ತಂತ್ರಜ್ಞಾನ ಈ ಸೀಮೆಗೆ ಹೊಸದಲ್ಲ. ವನ್ಯಜೀವಿ ವಿಜ್ಞಾನಿ ಡಾ. ಕೆ. ಉಲ್ಲಾಸ ಕಾರಂತರು 1990ರಲ್ಲಿ ನಾಗರಹೊಳೆಯಲ್ಲಿ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿ ಅಧ್ಯಯನ ಆರಂಭಿಸಿದ್ದರು. ಆ್ಯಂಟೆನಾ ಹಿಡಿದು, ಸಂಕೇತ ಬರುವ ದಿಕ್ಕನ್ನು ಬೇರೆ ಬೇರೆ ಜಾಗಗಳಿಂದ ಅಳೆದು, ಗೆರೆಗಳು ಕೂಡುವಲ್ಲಿ ಹುಲಿಯಿದೆ ಎಂದು ನಿರ್ಧರಿಸುವ ವಿಧಾನವದು. ಅಲ್ಲೂ ಸಂಕೇತದ ಹಿಂದೆ ನಡೆಯುವ ಮನುಷ್ಯರು ಬೇಕಾಗಿದ್ದರು.

ಈಗ ಹವ್ಯಾಸಿ ಬೈಕ್ ಸವಾರರು ವಾರಾಂತ್ಯದಲ್ಲಿ ಕಚ್ಚಾ ದಾರಿಗಳನ್ನು ಹುಡುಕಿ ಬರುತ್ತಾರೆ. ಪಿರಿಯಾಪಟ್ಟಣ, ಕೆ.ಆರ್. ನಗರದ ಬಯಲಿನಲ್ಲಿ ಮೊಬೈಲ್ ಸಂಪರ್ಕದ ತೊಂದರೆ ಕಡಿಮೆ. ಆದರೆ ಎಚ್.ಡಿ. ಕೋಟೆಯ ಡಿ.ಬಿ. ಕುಪ್ಪೆ ಕಡೆಯ ಕಾಡಂಚಿನಲ್ಲಿ, ಹುಣಸೂರಿನ ವೀರನಹೊಸಹಳ್ಳಿ ಆಚೆಯ ಕಾಡುದಾರಿಯಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ವಾಟ್ಸ್‌ಆ್ಯಪ್ ಮೂಲಕ ಸ್ಥಳ ಹಂಚಿಕೊಳ್ಳುವ ಸೌಲಭ್ಯ ಅಲ್ಲಿ ನಿಂತುಹೋಗುತ್ತದೆ. ಪರದೆಯಲ್ಲಿ ಕಾಣುವುದು ಸಿಗ್ನಲ್ ತಪ್ಪುವ ಮೊದಲಿನ ಕೊನೆಯ ಜಾಗ.

ಹಾಗಾದರೆ ಉಪಗ್ರಹ ಸಾಧನ ಕೊಳ್ಳೋಣವೇ? ಇಲ್ಲಿ ಕಾನೂನನ್ನು ತಿಳಿಯಬೇಕು. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಉಪಗ್ರಹ ಫೋನ್ ಇಟ್ಟುಕೊಳ್ಳುವುದು, ಬಳಸುವುದು ಅಪರಾಧ. ಇರಿಡಿಯಂ, ತುರಾಯ ಸಾಧನಗಳಿಗೆ ನಿಷೇಧವಿದೆ. ಚಾರಣಿಗರು ಬಳಸುವ ಉಪಗ್ರಹ ಸಂದೇಶ ಸಾಧನಗಳನ್ನು ತಂದ ವಿದೇಶಿ ಪ್ರವಾಸಿಗರನ್ನು ನಮ್ಮ ವಿಮಾನ ನಿಲ್ದಾಣಗಳಲ್ಲಿ ತಡೆದ ಪ್ರಕರಣಗಳೂ ನಡೆದಿವೆ. ಡಕಾರ್‌ನಲ್ಲಿ ಕಡ್ಡಾಯವಾದದ್ದು ಇಲ್ಲಿ ಅನುಮತಿ ಇಲ್ಲದೆ ಸಲ್ಲದು. ಅನುಮತಿ ಪಡೆದ ಬಳಕೆದಾರರಿಗೆ ಬಿಎಸ್ಎನ್ಎಲ್ ಉಪಗ್ರಹ ಫೋನ್ ಸೇವೆ ನೀಡುತ್ತದೆ.

ಉಳಿದಿರುವ ಮಾರ್ಗ ಹ್ಯಾಮ್ ರೇಡಿಯೊ. ಪರೀಕ್ಷೆ ಬರೆದು ಸರ್ಕಾರದ ಪರವಾನಗಿ ಪಡೆದ ಹವ್ಯಾಸಿಗಳು ಇದನ್ನು ಬಳಸಬಹುದು. ಮೊಬೈಲ್ ಇಲ್ಲದ ಕಾಲದಲ್ಲಿ ಭಾರತದ ಕಾರು ರ‍್ಯಾಲಿಗಳಿಗೆ ಸಂಪರ್ಕ ಒದಗಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. ‘ಎಪಿಆರ್‌ಎಸ್’ ಎಂಬ ವಿಧಾನದಲ್ಲಿ ಜಿಪಿಎಸ್ ಲೆಕ್ಕ ಹಾಕಿದ ಸ್ಥಾನವನ್ನು ರೇಡಿಯೊ ಮೂಲಕವೇ ಕಳುಹಿಸಬಹುದು. ಆದರೆ ಗುಡ್ಡ, ದಟ್ಟ ಕಾಡು ಅಡ್ಡ ಬಂದರೆ ಸಂಕೇತ ಕುಗ್ಗುತ್ತದೆ. ಹೀಗಾಗಿ ನಡುವೆ ಎತ್ತರದ ಜಾಗದಲ್ಲಿ ಒಬ್ಬರು ರೇಡಿಯೊ ಹಿಡಿದು ಕೂರಬೇಕಾಗುತ್ತದೆ.

ಕಾಡಿನೊಳಗೆ ಮಾತ್ರ ಯಾವ ತಂತ್ರಜ್ಞಾನದ ಬಲದ ಮೇಲೂ ಬೈಕ್ ಇಳಿಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಕ್ಷಿತ ಅರಣ್ಯಪ್ರದೇಶಕ್ಕೆ ಅನುಮತಿ ಇಲ್ಲದೆ ಪ್ರವೇಶಿಸುವುದು ಅಪರಾಧ. ನಾಗರಹೊಳೆ ಮೂಲಕ ಸಾಗುವ ರಸ್ತೆಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಚಿತ್ರೀಕರಣಕ್ಕೆ ಡ್ರೋನ್ ಬಳಸುವವರು 2021ರ ಡ್ರೋನ್ ನಿಯಮಗಳನ್ನು ಪಾಲಿಸಬೇಕು. ಹಸಿರು ವಲಯದಲ್ಲೂ 400 ಅಡಿಯ ಮಿತಿಯಿದೆ.

ಹೊರಡುವ ಮುನ್ನ

* ದಾರಿಯ ನಕ್ಷೆ, ಹೊರಡುವ ಮತ್ತು ಮರಳುವ ಸಮಯವನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಕೊಡಿ.

* ಮರಳುವುದು ಎಷ್ಟು ತಡವಾದರೆ ಹುಡುಕಾಟ ಆರಂಭಿಸಬೇಕು, ಯಾರಿಗೆ ಕರೆ ಮಾಡಬೇಕು ಎಂಬುದನ್ನು ಮೊದಲೇ ನಿಗದಿಪಡಿಸಿ.

* ನಕ್ಷೆಯನ್ನು ಫೋನಿಗೆ ಮುಂಚಿತವಾಗಿ ಇಳಿಸಿಕೊಳ್ಳಿ; ಸಿಗ್ನಲ್ ಇಲ್ಲದಾಗ ಅದೇ ಆಧಾರ.

* ಒಬ್ಬರೇ ಹೋಗಬೇಡಿ. ಮೂವರಿದ್ದರೆ ಒಬ್ಬರು ಗಾಯಾಳುವಿನ ಬಳಿ ಉಳಿದು, ಮತ್ತೊಬ್ಬರು ಸಿಗ್ನಲ್ ಇರುವಲ್ಲಿಗೆ ಹೋಗಬಹುದು.

* ತುರ್ತು ಸಂದರ್ಭದಲ್ಲಿ 112ಕ್ಕೆ, ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ. ಊರಿನ ಹೆಸರು, ಹತ್ತಿರದ ಕೆರೆ, ಗುಡಿ ಅಥವಾ ಶಾಲೆಯ ಜತೆಗೆ ಫೋನ್ ತೋರಿಸುವ ಅಕ್ಷಾಂಶ–ರೇಖಾಂಶವನ್ನೂ ಹೇಳಿ.

* ನೀರು ಮುಗಿಯುವ ಮೊದಲೇ, ತಲೆಸುತ್ತು ಬರುವ ಮೊದಲೇ ನೆರವು ಕೇಳಿ. ಗುಂಡಿ ಒತ್ತುವುದು ಅವಮಾನವಲ್ಲ.